ದತ್ತಸಂಚಯದ ಸ್ಥಳಾಂತರ

ಬ್ಯಾಂಕಿನ ಠೇವಣಿ, ರೈಲ್ವೆಯ ಮುಂಗಡ ಟಿಕೆಟು, ಪರೀಕ್ಷೆಯ ಅಂಕಪಟ್ಟಿ ಇವೆಲ್ಲವೂ ಇಂದು ಗಣಕಯಂತ್ರದ ದತ್ತಸಂಚಯದಲ್ಲಿ, ಅಂದರೆ ಡೇಟಾಬೇಸಿನಲ್ಲಿ, ನೆಲೆಗೊಂಡಿವೆ. ಅದನ್ನು ಹೊತ್ತು ನಡೆಯಿಸುವ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಯಂತ್ರಕ್ಕೂ ವಯಸ್ಸುಂಟು, ಡಿಸ್ಕು ತುಂಬುತ್ತದೆ, ಬಿಡಿಭಾಗಗಳು ದೊರೆಯದಾಗುತ್ತವೆ. ಆಗ ಸಂಚಯವನ್ನು ಹೊಸ ಸರ್ವರಿಗೆ ಸಾಗಿಸುವುದು ಅನಿವಾರ್ಯವಾಗುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಒಂದು ಕಪಾಟಿನ ಪುಸ್ತಕಗಳನ್ನು ಇನ್ನೊಂದಕ್ಕೆ ಜೋಡಿಸಿದಷ್ಟೇ ಸುಲಭವೆಂದು ತೋರೀತು. ಆದರೆ ಈ ಪುಸ್ತಕಗಳಲ್ಲಿ ಪ್ರತಿಕ್ಷಣವೂ ಯಾರಾದರೊಬ್ಬರು ಬರೆಯುತ್ತಲೇ ಇರುತ್ತಾರೆ. ತೊಡಕಿನ ಮೂಲ ಅಲ್ಲಿದೆ.

ನಡೆಯುತ್ತಿರುವ ಸಂಚಯದ ಕಡತಗಳನ್ನು ಹಾಗೆಯೇ ನಕಲು ಮಾಡಿದರೆ ಮೊದಲ ಪುಟ ಬೆಳಗಿನದು, ಕೊನೆಯ ಪುಟ ಸಂಜೆಯದು ಆಗುತ್ತದೆ. ಒಬ್ಬನ ಖಾತೆಯಿಂದ ಕಳೆದ ಹಣ ಇನ್ನೊಬ್ಬನ ಖಾತೆಗೆ ಸೇರದೆ ಉಳಿದಂಥ ಪ್ರತಿ ಸಿದ್ಧವಾಗುತ್ತದೆ. ಇದಕ್ಕೆ ಕಂಡುಕೊಂಡ ಪರಿಹಾರ ನಮ್ಮ ಅಂಗಡಿಕಾರರಿಗೆ ಹೊಸದಲ್ಲ. ವ್ಯಾಪಾರಿಯು ದಿನದ ವಹಿವಾಟನ್ನು ಮೊದಲು ಕಿರ್ದಿಯಲ್ಲಿ ಬರೆದು ಬಳಿಕ ಖತಾವಣಿಗೆ ಇಳಿಸುವಂತೆ, ಪೋಸ್ಟ್‌ಗ್ರೆಸ್ ಮೊದಲಾದ ದತ್ತಸಂಚಯಗಳೂ ಪ್ರತಿಯೊಂದು ಬದಲಾವಣೆಯನ್ನು ಮೊದಲು ಒಂದು ನಡಾವಳಿಯಲ್ಲಿ ದಾಖಲಿಸಿ, ಆಮೇಲೆ ಮೂಲ ಕಡತಗಳನ್ನು ತಿದ್ದುತ್ತವೆ. ಆದುದರಿಂದ ಖತಾವಣಿಯ ನಕಲು ಬೆರಕೆಯಾಗಿದ್ದರೂ ಚಿಂತೆಯಿಲ್ಲ. ನಕಲು ಆರಂಭವಾದ ಗಳಿಗೆಯಿಂದ ಬರೆದ ಕಿರ್ದಿಯನ್ನು ಕೂಡ ಒಯ್ದು, ಹೊಸ ಯಂತ್ರದಲ್ಲಿ ಅದನ್ನು ಕ್ರಮವಾಗಿ ಅನ್ವಯಿಸುತ್ತ ಹೋದರೆ ಎರಡೂ ಸರಿಹೊಂದುತ್ತವೆ. ದೊಡ್ಡ ನಕಲಿಗೆ ಗಂಟೆಗಟ್ಟಲೆ ಹಿಡಿದರೂ ಗ್ರಾಹಕರ ಕೆಲಸ ನಿಲ್ಲುವುದಿಲ್ಲ. ಕಟ್ಟಕಡೆಗೆ ಹಳೆಯ ಯಂತ್ರದಲ್ಲಿ ಬರವಣಿಗೆಯನ್ನು ತಡೆದು, ಉಳಿದ ಕಿರ್ದಿಯನ್ನು ಅನ್ವಯಿಸಿ, ಗ್ರಾಹಕರನ್ನು ಹೊಸದರತ್ತ ತಿರುಗಿಸುವ ಕೆಲವು ನಿಮಿಷಗಳಷ್ಟೇ ಬಾಗಿಲು ಮುಚ್ಚಿರುತ್ತದೆ.

ಇನ್ನೊಂದು ವಿಧಾನವೂ ಉಂಟು. ಸಂಚಯದ ಒಳಗಿನ ವಿಷಯವನ್ನೆಲ್ಲ ಆಜ್ಞೆಗಳ ರೂಪದಲ್ಲಿ ಬರೆಸಿಕೊಂಡು ಹೊಸ ಯಂತ್ರದಲ್ಲಿ ಮರಳಿ ಕಟ್ಟುವುದು. ಇದು ನಿಧಾನವಾದರೂ ಹಳೆಯ ಆವೃತ್ತಿಯಿಂದ ಹೊಸ ಆವೃತ್ತಿಗೆ ಹೋಗಲು ಅನುಕೂಲ. ಪೋಸ್ಟ್‌ಗ್ರೆಸ್‌ನಲ್ಲಿ ಒಂದೇ ಸಂಚಯವನ್ನು ಹೀಗೆ ಬರೆಸಿಕೊಂಡಾಗ ಬಳಕೆದಾರರ ಹೆಸರು, ಗುಪ್ತಪದಗಳು ಅದರಲ್ಲಿ ಬರುವುದಿಲ್ಲ. ಅವನ್ನು ಬೇರೆಯಾಗಿ ಒಯ್ಯಬೇಕು.

ಕಡತಗಳನ್ನೇ ಒಯ್ಯುವವರಿಗೆ ಒಂದು ಸೂಕ್ಷ್ಮವಾದ ಅಪಾಯ ಕಾದಿರುತ್ತದೆ. ನಿಘಂಟಿನಲ್ಲಿ ಕ್ಷಕಾರವನ್ನು ಕಕಾರದ ಕೆಳಗೆ ಹುಡುಕಬೇಕೋ, ವರ್ಣಮಾಲೆಯ ತುದಿಯಲ್ಲಿ ಹುಡುಕಬೇಕೋ ಎಂಬುದರಲ್ಲಿ ಭೇದವಿದ್ದರೆ ಪದವಿದ್ದೂ ಸಿಗದು. 2018ರಲ್ಲಿ ಲಿನಕ್ಸ್ ವ್ಯವಸ್ಥೆಯ ಮೂಲಗ್ರಂಥಾಲಯವಾದ ಜಿಲಿಬ್‌ಸಿಯ 2.28ನೆಯ ಆವೃತ್ತಿಯು ಅಕ್ಷರಗಳ ಅನುಕ್ರಮದ ನಿಯಮಗಳನ್ನು ಬದಲಾಯಿಸಿತು. ಹಳೆಯ ಕ್ರಮದಲ್ಲಿ ಕಟ್ಟಿದ ಸೂಚಿಗಳನ್ನು ಹೊಸ ಲಿನಕ್ಸಿನ ಮೇಲಿಟ್ಟರೆ, ಇರುವ ಹೆಸರನ್ನೇ ಇಲ್ಲವೆಂದು ಯಂತ್ರ ಉತ್ತರಿಸಬಹುದು. ಸೂಚಿಗಳನ್ನು ಹೊಸದಾಗಿ ಕಟ್ಟುವುದೊಂದೇ ಇದಕ್ಕೆ ಮದ್ದು.

ಇಷ್ಟೆಲ್ಲ ಪ್ರತಿಯನ್ನು, ಅಂದರೆ ಬ್ಯಾಕಪ್ಪನ್ನು, ನಂಬಿ ನಡೆಯುವ ಕಾರ್ಯ. ಆ ಪ್ರತಿಯೇ ಇಲ್ಲವಾದರೆ? ತಂತ್ರಾಂಶ ರಚಿಸುವವರು ತಮ್ಮ ಕೃತಿಗಳನ್ನು ಇರಿಸಿಕೊಳ್ಳುವ ಗಿಟ್‌ಲ್ಯಾಬ್ ಎಂಬ ತಾಣದಲ್ಲಿ 2017ರ ಜನವರಿ 31ರಂದು ನಡೆದುದು ಇದೇ. ಹಿಂದೆ ಬಿದ್ದಿದ್ದ ಎರಡನೆಯ ಯಂತ್ರವನ್ನು ಬರಿದುಮಾಡಿ ಹೊಸದಾಗಿ ತುಂಬಲೆಂದು ಹೊರಟ ತಂತ್ರಜ್ಞರೊಬ್ಬರು, ಬಹಳ ಹೊತ್ತು ದುಡಿದು ದಣಿದ ರಾತ್ರಿಯಲ್ಲಿ, ಆ ಆಜ್ಞೆಯನ್ನು ಮುಖ್ಯ ಯಂತ್ರದಲ್ಲಿಯೇ ಕೊಟ್ಟರು. ಒಂದೆರಡು ಕ್ಷಣಗಳಲ್ಲಿ ತಡೆದರಾದರೂ, ಸುಮಾರು 300 ಗಿಗಾಬೈಟುಗಳಲ್ಲಿ ಉಳಿದುದು ಸುಮಾರು 4.5 ಮಾತ್ರ. ನಿತ್ಯದ ಪ್ರತಿಗಳನ್ನು ಹುಡುಕಿದರೆ ಉಗ್ರಾಣ ಬರಿದಾಗಿತ್ತು! 9.6ನೆಯ ಆವೃತ್ತಿಯ ಸಂಚಯಕ್ಕೆ 9.2ನೆಯ ಆವೃತ್ತಿಯ ಸಾಧನ ಬಳಕೆಯಾಗುತ್ತಿದ್ದುದರಿಂದ ಪ್ರತಿ ತೆಗೆಯುವ ಕಾರ್ಯವೇ ವಿಫಲವಾಗುತ್ತಿತ್ತು. ಅದನ್ನು ತಿಳಿಸುವ ಮಿಂಚಂಚೆಗಳನ್ನು ಅಂಚೆಯ ಸರ್ವರು ತಿರಸ್ಕರಿಸುತ್ತಿತ್ತು. ಅದೇ ತಂತ್ರಜ್ಞರು ಬೇರೊಂದು ಪ್ರಯೋಗಕ್ಕೆಂದು ಸುಮಾರು ಆರು ಗಂಟೆ ಮೊದಲು ತೆಗೆದಿರಿಸಿದ ಒಂದು ಪ್ರತಿಯೇ ಆಪತ್ತಿಗೊದಗಿತು. ಅದು ನಿಧಾನವಾದ ಡಿಸ್ಕಿನ ಮೇಲಿದ್ದುದರಿಂದ ತಾಣ ಮತ್ತೆ ತೆರೆಯಲು ಸುಮಾರು 18 ಗಂಟೆ ಬೇಕಾಯಿತು. ನಡುವಿನ ಆರು ಗಂಟೆಗಳ ಬರವಣಿಗೆ ಮರಳಲಿಲ್ಲ. ಸಂಸ್ಥೆಯು ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಸಾರ್ವಜನಿಕರ ಮುಂದಿಟ್ಟಿತು. ಈ ಧೈರ್ಯ ಅಪರೂಪವಾದುದು.

ಆದಕಾರಣ ಬಲ್ಲವರು ಸ್ಥಳಾಂತರದ ದಿನಕ್ಕೆ ಕಾಯದೆ, ಪ್ರತಿಯಿಂದ ಸಂಚಯವನ್ನು ಮರಳಿ ಕಟ್ಟುವ ತಾಲೀಮನ್ನು ಮೊದಲೇ ಒಂದೆರಡು ಸಲ ನಡೆಸುತ್ತಾರೆ. ಎಷ್ಟು ಹೊತ್ತು ಹಿಡಿಯುವುದೆಂಬುದೂ ಆಗಲೇ ತಿಳಿಯುತ್ತದೆ. ಎರಡೂ ಕಡೆಯ ಸಾಲುಗಳ ಎಣಿಕೆ, ಮೊತ್ತಗಳ ತಾಳೆ ಮುಗಿದ ಬಳಿಕವೇ ಬಾಗಿಲು ತೆರೆಯುವುದು. ಹೊಸ ಯಂತ್ರದಲ್ಲಿ ಮೊದಲ ಬರವಣಿಗೆ ಬಿದ್ದ ಗಳಿಗೆಯಿಂದ ಹಳೆಯದು ಹಿಂದುಳಿಯುತ್ತದೆ. ಅನಂತರ ಹಿಂದಿರುಗಿದರೆ ಆ ಬರವಣಿಗೆಯನ್ನು ಕಳೆದುಕೊಳ್ಳಬೇಕು. ಹೀಗಾಗಿ ಮುಂದುವರಿಯುವುದೋ ಹಿಂದಿರುಗುವುದೋ ಎಂಬ ತೀರ್ಮಾನ ಬಾಗಿಲು ತೆರೆಯುವ ಮುನ್ನವೇ ಆಗಬೇಕು. ಹಳೆಯ ಯಂತ್ರವನ್ನು ಅದರಲ್ಲಿ ಏನನ್ನೂ ಬರೆಯಲು ಬಾರದಂತೆ ಮಾಡಿ ಕೆಲವು ವಾರ ಇರಿಸಿಕೊಂಡು, ಆಮೇಲೆ ಅಳಿಸುವುದು ವಾಡಿಕೆ.