ಲಡಾಖ್: ಘಟ್ಟದ ದಾರಿಗಳ ನಾಡಿನ ಭೂಗೋಳ ಮತ್ತು ಇತಿಹಾಸ

ಹಿಮಾಲಯದ ಮಹಾಶ್ರೇಣಿಗೂ ಕಾರಾಕೋರಂ ಶ್ರೇಣಿಗೂ ನಡುವೆ ಹರಡಿರುವ ಲಡಾಖ್ ಪ್ರದೇಶದ ಹೆಸರಿನಲ್ಲಿಯೇ ಅದರ ಚರಿತ್ರೆಯ ಮುಖ್ಯ ಸುಳಿವು ಅಡಗಿದೆ. ಅಲ್ಲಿಯ ಭಾಷೆಯಲ್ಲಿ ‘ಲಾ’ ಎಂದರೆ ಪರ್ವತವನ್ನು ದಾಟುವ ಘಟ್ಟದ ದಾರಿ. ‘ಘಟ್ಟದ ದಾರಿಗಳ ನಾಡು’ ಎಂಬುದು ಆ ಹೆಸರಿಗೆ ಸಾಮಾನ್ಯವಾಗಿ ಹೇಳಲಾಗುವ ಅರ್ಥ. ಹೊರಗಿನಿಂದ ನೋಡಿದವರು ಈ ನಾಡನ್ನು ಶಿಖರಗಳ ಮೂಲಕ ಗುರುತಿಸಿದರು. ಅಲ್ಲಿ ಬಾಳಿದವರಾದರೋ ಶಿಖರಗಳ ನಡುವಣ ಸಂದುಗಳ ಮೂಲಕ ಗುರುತಿಸಿಕೊಂಡರು. ಈ ದೃಷ್ಟಿಭೇದ ಕೇವಲ ಹೆಸರಿನ ವಿಷಯವಲ್ಲ. ಪರ್ವತವು ತಡೆಗೋಡೆಯೋ ಹಾದಿಯೋ ಎಂಬ ಪ್ರಶ್ನೆಗೆ ಬೇರೆ ಬೇರೆ ಕಾಲದ ರಾಜ್ಯಗಳು ಕೊಟ್ಟ ಬೇರೆ ಬೇರೆ ಉತ್ತರಗಳಿಂದಲೇ ಲಡಾಖಿನ ಇಂದಿನ ಸ್ಥಿತಿ ರೂಪುಗೊಂಡಿದೆ.

ಭೂವಿಜ್ಞಾನದ ದೃಷ್ಟಿಯಿಂದ ಲಡಾಖ್ ಎರಡು ಭೂಖಂಡಗಳು ಬೆಸೆದುಕೊಂಡ ಎಡೆ. ಸುಮಾರು ಐದು ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕವು ಏಷ್ಯಾದ ಭೂಫಲಕಕ್ಕೆ ಡಿಕ್ಕಿಹೊಡೆದಾಗ ನಡುವಣ ಟೆಥಿಸ್ ಸಮುದ್ರ ಮುಚ್ಚಿಹೋಯಿತು. ಆ ಬೆಸುಗೆಯ ಗೆರೆಯನ್ನು ಬಹುಮಟ್ಟಿಗೆ ಅನುಸರಿಸಿಯೇ ಸಿಂಧೂ ನದಿ ಹರಿಯುತ್ತದೆ. ನದಿಯ ಉತ್ತರಕ್ಕೆ ಗ್ರಾನೈಟ್ ಶಿಲೆಯ ಲಡಾಖ್ ಶ್ರೇಣಿ; ದಕ್ಷಿಣಕ್ಕೆ ಸಮುದ್ರತಳದ ಜಲಜ ಶಿಲೆಗಳೇ ಎದ್ದುನಿಂತ ಝಾಂಸ್ಕಾರ್ ಶ್ರೇಣಿ. ಸಮುದ್ರಜೀವಿಗಳ ಪಳೆಯುಳಿಕೆಗಳು ನಾಲ್ಕೈದು ಸಾವಿರ ಮೀಟರು ಎತ್ತರದಲ್ಲಿ ದೊರೆಯುವುದು ಈ ಕಾರಣದಿಂದ. ಟಿಬೆಟ್ಟಿನಲ್ಲಿ ಹುಟ್ಟಿ ಡೆಮ್ಚೊಕ್ ಬಳಿ ಲಡಾಖನ್ನು ಪ್ರವೇಶಿಸುವ ಸಿಂಧೂ ವಾಯವ್ಯಾಭಿಮುಖವಾಗಿ ಸಾಗಿ, ನಿಮ್ಮು ಎಂಬಲ್ಲಿ ಝಾಂಸ್ಕಾರ್ ನದಿಯನ್ನು ಕೂಡಿಕೊಳ್ಳುತ್ತದೆ. ಸಿಯಾಚಿನ್ ಹಿಮನದಿಯಿಂದ ಇಳಿಯುವ ನುಬ್ರಾ ನದಿ ಶ್ಯೋಕ್ ನದಿಯನ್ನು ಸೇರುತ್ತದೆ. ಶ್ಯೋಕ್ ಬಾಲ್ಟಿಸ್ತಾನದಲ್ಲಿ ಸಿಂಧೂವಿನೊಡನೆ ಒಂದಾಗುತ್ತದೆ. ಪೂರ್ವದ ಚಾಂಗ್‌ಥಾಂಗ್ ಪ್ರಸ್ಥಭೂಮಿಯಲ್ಲಿ ಮಾತ್ರ ಸ್ಥಿತಿ ಬೇರೆ. ಅಲ್ಲಿಯ ಅನೇಕ ತೊರೆಗಳು ಯಾವ ಸಮುದ್ರವನ್ನೂ ಸೇರದೆ ಪಾಂಗಾಂಗ್‌ನಂಥ ಉಪ್ಪುನೀರಿನ ಸರೋವರಗಳಲ್ಲಿ ಕೊನೆಗಾಣುತ್ತವೆ. ಈ ಒಂದು ಸಂಗತಿ ಮುಂದೆ ಗಡಿನಿರ್ಣಯದ ಕಾಲಕ್ಕೆ ಎಂಥ ತೊಡಕನ್ನು ಒಡ್ಡಿತೆಂಬುದನ್ನು ನೋಡಬಹುದು.

ಮುಂಗಾರಿನ ಮೋಡಗಳನ್ನು ಹಿಮಾಲಯ ತಡೆಯುವುದರಿಂದ ಲಡಾಖ್ ಮಳೆಯ ನೆರಳಿನ ನಾಡು. ಸುಮಾರು ೩೫೦೦ ಮೀಟರು ಎತ್ತರದ ಲೇಹ್ ಪಟ್ಟಣದಲ್ಲಿ ವರ್ಷಕ್ಕೆ ಬೀಳುವ ಮಳೆ-ಹಿಮ ಎಲ್ಲ ಸೇರಿ ಹತ್ತು ಸೆಂಟಿಮೀಟರಿನ ಆಸುಪಾಸು. ಆದುದರಿಂದ ಬೇಸಾಯಕ್ಕೆ ಆಧಾರ ಮಳೆಯಲ್ಲ, ಕರಗುವ ಹಿಮ. ಹಿಮದ ನೀರನ್ನು ಬೆಟ್ಟದ ಇಳುಕಲಿನ ಗುಂಟ ಮೈಲಿಗಟ್ಟಲೆ ಹರಿಸಿ ತರುವ ಕಾಲುವೆಗೆ ‘ಯೂರ’ ಎಂದೂ, ರಾತ್ರಿಯ ನೀರನ್ನು ಹಗಲಿಗಾಗಿ ಹಿಡಿದಿಡುವ ಕಟ್ಟೆಗೆ ‘ಝಿಂಗ್’ ಎಂದೂ ಹೆಸರು. ಯಾವ ಗದ್ದೆಗೆ ಯಾವ ದಿನ ಎಷ್ಟು ನೀರು ಎಂಬುದನ್ನು ನಿರ್ಧರಿಸುವವನು ‘ಚುರ್ಪೊನ್’. ‘ಚು’ ಎಂದರೆ ನೀರು, ‘ಪೊನ್’ ಎಂದರೆ ಅಧಿಕಾರಿ. ಅನೇಕ ಹಳ್ಳಿಗಳಲ್ಲಿ ಈ ಹೊಣೆ ಮನೆಮನೆಗೆ ಸರದಿಯಂತೆ ಬರುತ್ತದೆ. ಕರ್ನಾಟಕದ ಕೆರೆ ಬಯಲುಗಳ ನೀರುಗಂಟಿಯನ್ನು ಬಲ್ಲವರಿಗೆ ಈ ವ್ಯವಸ್ಥೆಯನ್ನು ವಿವರಿಸಬೇಕಾದ ಅಗತ್ಯವಿಲ್ಲ. ವ್ಯತ್ಯಾಸವಿಷ್ಟೆ: ನೀರುಗಂಟಿ ಮಳೆಗಾಲದಲ್ಲಿ ತುಂಬಿದ ಕೆರೆಯ ತೂಬನ್ನು ಕಾಯುತ್ತಾನೆ, ಚುರ್ಪೊನ್ ಮುಗಿಲನ್ನಲ್ಲ, ಬಿಸಿಲನ್ನು ಎದುರುನೋಡುತ್ತಾನೆ. ವಸಂತದಲ್ಲಿ ಹಿಮ ತಡವಾಗಿ ಕರಗಿದರೆ ಬಿತ್ತನೆ ತಡವಾಗುತ್ತದೆ, ಚಳಿಗೆ ಮೊದಲು ಪೈರು ಬಲಿಯುವುದಿಲ್ಲ. ಬೆಳೆಯುವ ಮುಖ್ಯ ಧಾನ್ಯ ಜವೆಗೋಧಿ. ಅದನ್ನು ಹುರಿದು ಬೀಸಿದ ಹಿಟ್ಟು, ನಮ್ಮ ಹುರಿಹಿಟ್ಟಿನಂತೆ, ಮನೆಯಲ್ಲೂ ಪ್ರಯಾಣದಲ್ಲೂ ಆಹಾರ.

ನೀರಿನ ಈ ಮಿತಿಯೇ ಕುಟುಂಬದ ರಚನೆಯನ್ನೂ ನಿರ್ಧರಿಸಿತು. ಹೊಸ ನೆಲ ಒಡೆಯಲು ಹೊಸ ನೀರಿಲ್ಲದಿದ್ದಾಗ ಆಸ್ತಿಯನ್ನು ಪಾಲು ಮಾಡುವುದು ಎಲ್ಲರಿಗೂ ಉಪವಾಸವನ್ನು ಹಂಚಿದಂತೆ. ಆದುದರಿಂದ ಹಿರಿಯ ಮಗನಿಗೆ ಮನೆ ಉಳಿಯಿತು; ತಮ್ಮಂದಿರು ಅಣ್ಣನ ಹೆಂಡತಿಯೊಡನೆಯೇ ಸಂಸಾರ ಹೂಡಿದರು ಅಥವಾ ವಿಹಾರ ಸೇರಿದರು. ಬಹುಪತಿತ್ವವನ್ನು ಜಮ್ಮು ಮತ್ತು ಕಾಶ್ಮೀರ ಸಂಸ್ಥಾನ ೧೯೪೧ರಲ್ಲಿ ಕಾನೂನಿನ ಮೂಲಕ ನಿಷೇಧಿಸಿತು. ಪರದೇಶದ ಪ್ರವಾಸಿಗಳು ಈ ಪದ್ಧತಿಯನ್ನು ವಿಚಿತ್ರವೆಂಬಂತೆ ವರ್ಣಿಸಿದ್ದೇ ಹೆಚ್ಚು. ಅದರ ಹಿಂದಿನ ಕಾಲುವೆಯ ಲೆಕ್ಕವನ್ನು ಕಂಡವರು ಕಡಿಮೆ.

ಲಡಾಖಿನ ಪ್ರಾಚೀನ ಇತಿಹಾಸಕ್ಕೆ ಆಧಾರಗಳು ವಿರಳ. ಬಂಡೆಗಳ ಮೇಲೆ ಕೊರೆದ ಕಾಡುಮೇಕೆ ಮತ್ತು ಬೇಟೆಗಾರರ ಚಿತ್ರಗಳು, ಕುಷಾಣ ದೊರೆ ವಿಮನ ಹೆಸರಿದೆಯೆಂದು ವಿದ್ವಾಂಸರು ಓದಿರುವ ಖಲ್ಸಿಯ ಖರೋಷ್ಠಿ ಶಾಸನ, ಮುಲ್ಬೆಖ್‌ನ ಬಂಡೆಯಲ್ಲಿ ಕಡೆದ ಮೈತ್ರೇಯ ಇವು ಗಮನಾರ್ಹ. ಟಿಬೆಟ್ ಸಾಮ್ರಾಜ್ಯ ಒಡೆದ ಮೇಲೆ, ಹತ್ತನೆಯ ಶತಮಾನದಲ್ಲಿ, ಅದರ ರಾಜವಂಶದ ನೀಮಗೊನ್ ಪಶ್ಚಿಮಕ್ಕೆ ಬಂದು ರಾಜ್ಯ ಕಟ್ಟಿದನು. ಅವನ ಮೂವರು ಮಕ್ಕಳಲ್ಲಿ ಹಿರಿಯನಿಗೆ ಮರ್ಯುಲ್, ಅಂದರೆ ಇಂದಿನ ಲಡಾಖ್, ದೊರೆಯಿತು. ಕಾಶ್ಮೀರದ ಕಲಾವಿದರ ಕೈವಾಡ ಎದ್ದುಕಾಣುವ ಆಲ್ಚಿಯ ಭಿತ್ತಿಚಿತ್ರಗಳು ಮುಂದಿನ ಶತಮಾನಗಳವು. ವಂಶ, ಲಿಪಿ, ಗ್ರಂಥಗಳು ಪೂರ್ವದಿಂದ. ಶಿಲ್ಪ, ಬಣ್ಣ, ವಸ್ತ್ರವಿನ್ಯಾಸ ಪಶ್ಚಿಮದಿಂದ. ಲಡಾಖನ್ನು ‘ಚಿಕ್ಕ ಟಿಬೆಟ್’ ಎಂದು ಕರೆಯುವವರು ಆಲ್ಚಿಯ ಗೋಡೆಗಳನ್ನು ಸಾವಧಾನವಾಗಿ ನೋಡಿದ್ದರೆ ಆ ಮಾತನ್ನು ಅಷ್ಟು ಸುಲಭವಾಗಿ ಬಳಸುತ್ತಿರಲಿಲ್ಲ. ಸಂಪರ್ಕ ಏಕಮುಖವಾಗಿಯೂ ಇರಲಿಲ್ಲ: ೧೩೨೦ರಲ್ಲಿ ಕಾಶ್ಮೀರದ ಸಿಂಹಾಸನವೇರಿ ಇಸ್ಲಾಮನ್ನು ಸ್ವೀಕರಿಸಿದ ರಿಂಚನ ಲಡಾಖಿನಿಂದ ಬಂದವನು.

ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ನೆಲೆಗೊಂಡ ನಾಮ್‌ಗ್ಯಾಲ್ ವಂಶದಲ್ಲಿ ಸೆಂಗೆ ನಾಮ್‌ಗ್ಯಾಲ್ ಅತ್ಯಂತ ಪ್ರಸಿದ್ಧ. ಅವನ ತಾಯಿ ಬಾಲ್ಟಿಸ್ತಾನದ ಮುಸ್ಲಿಂ ಅರಸುಮನೆತನದವಳು. ತಂದೆ ಜಮ್‌ಯಾಂಗ್ ನಾಮ್‌ಗ್ಯಾಲ್ ಸ್ಕರ್ದುವಿನ ಅರಸನಿಗೆ ಸೋತು ಸೆರೆಯಾಗಿ, ಅವನ ಮಗಳನ್ನೇ ವರಿಸಿ ಹಿಂದಿರುಗಿದ್ದನು. ಅವಳ ಮಗ ಬೌದ್ಧ ವಿಹಾರಗಳ ಮಹಾಪೋಷಕನಾದನು. ಲೇಹ್‌ನ ಒಂಬತ್ತು ಅಂತಸ್ತಿನ ಅರಮನೆ ಅವನದು. ಹೆಮಿಸ್ ವಿಹಾರಕ್ಕೂ ಅವನದೇ ಆಶ್ರಯ. ೧೬೩೦ರಲ್ಲಿ ಗುಗೆ ರಾಜ್ಯವನ್ನು ಗೆದ್ದು ಅವನು ಪಶ್ಚಿಮ ಟಿಬೆಟ್ಟನ್ನು ಲಡಾಖಿಗೆ ಸೇರಿಸಿಕೊಂಡನು.

ಈ ವಿಸ್ತಾರ ಹೆಚ್ಚು ಕಾಲ ಬಾಳಲಿಲ್ಲ. ದ್ರುಕ್ಪಾ ಪಂಥದ ಪರವಾಗಿ, ಲ್ಹಾಸಾದ ವಿರುದ್ಧ ಭೂತಾನಿನ ಬೆಂಬಲಕ್ಕೆ ನಿಂತ ಲಡಾಖಿನ ಮೇಲೆ ೧೬೭೯ರಲ್ಲಿ ಮಂಗೋಲ-ಟಿಬೆಟ್ ಸೇನೆ ಏರಿಬಂದಿತು. ರಾಜ ಡೆಲೆಕ್ ನಾಮ್‌ಗ್ಯಾಲ್ ಕಾಶ್ಮೀರದ ಮೊಗಲ್ ಸುಬೇದಾರನ ನೆರವು ಬೇಡಿದನು. ನೆರವು ಸಿಕ್ಕಿತು, ಆದರೆ ಬೆಲೆ ತೆತ್ತ ಮೇಲೆ: ಹೆಸರಿಗಾದರೂ ಇಸ್ಲಾಂ ಸ್ವೀಕಾರ, ಲೇಹ್ ಪೇಟೆಯಲ್ಲಿ ಮಸೀದಿ, ಕಪ್ಪಕಾಣಿಕೆ. ೧೬೮೪ರ ತಿಂಗ್ಮೊಸ್‌ಗಾಂಗ್ ಒಪ್ಪಂದದಿಂದ ಲಡಾಖ್ ಗುಗೆ, ಪುರಾಂಗ್, ರುದೋಕ್‌ಗಳನ್ನು ಕಳೆದುಕೊಂಡಿತು. ಈ ಒಪ್ಪಂದವನ್ನು ಗಡಿಯ ದಾಖಲೆಯೆಂದಷ್ಟೇ ಓದುವುದು ವಾಡಿಕೆ. ಡೆಮ್ಚೊಕ್ ಬಳಿಯ ಲ್ಹಾರಿ ತೊರೆ ಎಲ್ಲೆಯೆಂಬ ಮಾತು ಅದರಲ್ಲಿ ಇದೆ, ನಿಜ. ಆದರೆ ಒಪ್ಪಂದದ ಹೆಚ್ಚಿನ ಭಾಗ ಗೆರೆಯ ವಿಷಯವಲ್ಲ, ಸಂಚಾರದ ವಿಷಯ. ಪಶ್ಚಿಮ ಟಿಬೆಟ್ಟಿನ ಪಶ್ಮ್, ಅಂದರೆ ಮೇಕೆಯ ನಯವಾದ ಒಳಗೂದಲು, ಲಡಾಖಿನ ಮೂಲಕ ಕಾಶ್ಮೀರಕ್ಕೆ ಮಾತ್ರ ಹೋಗತಕ್ಕದ್ದು. ಮೂರು ವರ್ಷಕ್ಕೊಮ್ಮೆ ಲೇಹ್‌ನಿಂದ ಲ್ಹಾಸಾಕ್ಕೆ ‘ಲೊಪ್ಚಕ್’ ನಿಯೋಗ, ಲ್ಹಾಸಾದಿಂದ ಲೇಹ್‌ಗೆ ಪ್ರತಿವರ್ಷ ಚಹಾದ ಸಾರ್ಥ. ಕೈಲಾಸದ ಬಳಿಯ ಮಿನ್ಸಾರ್ ಎಂಬ ಹಳ್ಳಿ ಟಿಬೆಟ್ಟಿನ ನಡುವೆಯೇ ಇದ್ದರೂ, ಕೈಲಾಸದಲ್ಲಿ ಸಲ್ಲಿಸುವ ಪೂಜೆಯ ವೆಚ್ಚಕ್ಕಾಗಿ, ಲಡಾಖ್ ರಾಜನಿಗೆ ಸೇರಿರತಕ್ಕದ್ದು. ಅದರ ಕಂದಾಯ ಇಪ್ಪತ್ತನೆಯ ಶತಮಾನದವರೆಗೂ ಈ ಕಡೆಗೇ ಸಲ್ಲುತ್ತಿತ್ತೆಂಬುದು ಗಮನಿಸತಕ್ಕ ವಿಷಯ. ಯುದ್ಧದಲ್ಲಿ ಸೋತ ರಾಜ್ಯವೊಂದು ಗೆದ್ದವರ ನೆಲದೊಳಗೆ ಪೂಜೆಯ ಹಳ್ಳಿಯೊಂದನ್ನು ಉಳಿಸಿಕೊಳ್ಳುವುದು ಆಧುನಿಕ ಸಾರ್ವಭೌಮತ್ವದ ಲೆಕ್ಕಕ್ಕೆ ನಿಲುಕುವುದಲ್ಲ.

ಪಶ್ಮ್ ವ್ಯಾಪಾರದ ಮೇಲಣ ಕಣ್ಣೇ ಹತ್ತೊಂಬತ್ತನೆಯ ಶತಮಾನದ ಘಟನೆಗಳಿಗೂ ಮುಖ್ಯ ಪ್ರೇರಣೆ. ಈಸ್ಟ್ ಇಂಡಿಯಾ ಕಂಪನಿಯ ಅಶ್ವಾಲಯದ ಅಧಿಕಾರಿ ವಿಲಿಯಂ ಮೂರ್‌ಕ್ರಾಫ್ಟ್ ೧೮೨೦ರಿಂದ ೧೮೨೨ರವರೆಗೆ ಲೇಹ್‌ನಲ್ಲಿದ್ದು ಈ ಉಣ್ಣೆಯ ಮತ್ತು ಯಾರ್ಕಂದ್ ಮಾರ್ಗದ ವಿವರಗಳನ್ನು ಕಲೆಹಾಕಿದನು. ೧೮೩೪ರಲ್ಲಿ ಜಮ್ಮುವಿನ ಗುಲಾಬ್ ಸಿಂಗನ ಸೇನಾಪತಿ ಜೋರಾವರ್ ಸಿಂಗ್ ಲಡಾಖಿನ ಮೇಲೆ ದಂಡೆತ್ತಿ ಬಂದನು. ಕೆಲವೇ ವರ್ಷಗಳಲ್ಲಿ ನಾಮ್‌ಗ್ಯಾಲರ ಸ್ವತಂತ್ರ ಆಳ್ವಿಕೆ ಅಂತ್ಯವಾಯಿತು. ಉಣ್ಣೆಯ ಮೂಲವನ್ನೇ ಹಿಡಿಯಲು ೧೮೪೧ರಲ್ಲಿ ಪಶ್ಚಿಮ ಟಿಬೆಟ್ಟನ್ನು ಹೊಕ್ಕ ಜೋರಾವರ್ ಸಿಂಗ್ ಅದೇ ಡಿಸೆಂಬರಿನ ಹಿಮದಲ್ಲಿ, ತಕ್ಲಾಕೋಟದ ಬಳಿ, ಹೋರಾಡುತ್ತ ಮಡಿದನು. ಮರುವರ್ಷ ಟಿಬೆಟ್ಟಿನ ಸೇನೆ ಲೇಹ್‌ವರೆಗೆ ಬಂದು ಸೋತಿತು. ೧೮೪೨ರ ಒಪ್ಪಂದ ‘ಹಿಂದಿನಿಂದ ಬಂದ ಎಲ್ಲೆಗಳು’ ಮುಂದುವರಿಯಲೆಂದು ಹೇಳಿತೇ ಹೊರತು ಅವು ಎಲ್ಲಿವೆಯೆಂದು ಹೇಳಲಿಲ್ಲ. ಯಾವ ಹಳ್ಳಿಯ ದನಕುರಿ ಯಾವ ಗಾವಲಿನಲ್ಲಿ ಮೇಯುತ್ತದೆಂಬುದು ಉಭಯರಿಗೂ ತಿಳಿದಿದ್ದುದರಿಂದ ಹೇಳುವ ಅಗತ್ಯ ಬಹುಶಃ ಕಾಣಲಿಲ್ಲ.

ಅಗತ್ಯ ಕಂಡದ್ದು ಬ್ರಿಟಿಷರಿಗೆ. ೧೮೪೬ರ ಅಮೃತಸರದ ಒಪ್ಪಂದದಿಂದ ಗುಲಾಬ್ ಸಿಂಗ್ ಮಹಾರಾಜನಾದ ಕೂಡಲೇ ಅವರು ಪೂರ್ವದ ಎಲ್ಲೆಯನ್ನು ಗುರುತಿಸಲು ಆಯೋಗಗಳನ್ನು ಕಳಿಸಿದರು. ಟಿಬೆಟ್ ಅಥವಾ ಚೀನದ ಪರವಾಗಿ ಯಾರೂ ಬರಲಿಲ್ಲ. ಆಯೋಗದಲ್ಲಿದ್ದ ಅಲೆಕ್ಸಾಂಡರ್ ಕನಿಂಗ್‌ಹ್ಯಾಂ ೧೮೫೪ರಲ್ಲಿ ಪ್ರಕಟಿಸಿದ ಲಡಾಖ್ ಕುರಿತ ಗ್ರಂಥ ಇಂದಿಗೂ ಉಪಯುಕ್ತವಾದರೂ, ಗಡಿಯ ಪ್ರಶ್ನೆ ಬಗೆಹರಿಯಲಿಲ್ಲ. ನೀರು ಇಬ್ಭಾಗವಾಗುವ ದಿಣ್ಣೆಯನ್ನೇ ಎಲ್ಲೆಯಾಗಿ ಹಿಡಿಯುವುದು ಬ್ರಿಟಿಷರಿಗೆ ಒಪ್ಪಿದ ತತ್ತ್ವ. ಸಿಂಧೂ ಎರಡೂ ನಾಡುಗಳ ಮೂಲಕ ಹರಿಯುವಲ್ಲಿ, ತೊರೆಗಳು ಸರೋವರಗಳಲ್ಲಿ ಇಂಗಿಹೋಗುವಲ್ಲಿ, ಆ ತತ್ತ್ವಕ್ಕೆ ಕಾಲೂರಲು ನೆಲೆಯಿಲ್ಲ. ೧೮೬೫ರಲ್ಲಿ ಖೋತಾನಿಗೆ ಹೋಗಿಬಂದ ಮೋಜಣಿದಾರ ಜಾನ್ಸನ್ ಅಕ್ಸಾಯ್ ಚಿನ್ ಪ್ರದೇಶವನ್ನೆಲ್ಲ ಕಾಶ್ಮೀರಕ್ಕೆ ಸೇರಿಸಿ ನಕಾಶೆ ಬರೆದನು. ೧೮೯೯ರಲ್ಲಿ ಬ್ರಿಟಿಷ್ ಸರ್ಕಾರ ಚೀನಕ್ಕೆ ಸೂಚಿಸಿದ ಗೆರೆ ಅದಕ್ಕಿಂತ ಭಿನ್ನ; ಅದಕ್ಕೆ ಚೀನ ಉತ್ತರವನ್ನೇ ಕೊಡಲಿಲ್ಲ.

ಗೆರೆಗಳು ನಕಾಶೆಯಲ್ಲಿ ಹೀಗೆ ಸರಿದಾಡುತ್ತಿದ್ದಾಗ ನೆಲದ ಮೇಲೆ ಸಾರ್ಥಗಳು ಸಾಗುತ್ತಲೇ ಇದ್ದವು. ಪಂಜಾಬಿನ ಹೋಶಿಯಾರ್‌ಪುರದ ವರ್ತಕರು ಬಟ್ಟೆ, ನೀಲಿ, ಹವಳ, ಸಂಬಾರ ತಂದರೆ, ಯಾರ್ಕಂದಿನವರು ರೇಷ್ಮೆ, ರತ್ನಗಂಬಳಿ, ಚರಸ್ ತರುತ್ತಿದ್ದರು. ಸುಮಾರು ೫೫೦೦ ಮೀಟರು ಎತ್ತರದ ಕಾರಾಕೋರಂ ಘಟ್ಟದ ಇಕ್ಕೆಲದ ದಾರಿ ಸತ್ತ ಕುದುರೆಗಳ ಎಲುಬುಗಳಿಂದಲೇ ಗುರುತಾಗುತ್ತಿತ್ತೆಂದು ದಾಟಿದವರು ಬರೆದಿದ್ದಾರೆ. ಲೇಹ್ ಪೇಟೆಯಲ್ಲಿ ನೆಲೆಸಿದ ವರ್ತಕರಿಗೂ ಸ್ಥಳೀಯ ಸ್ತ್ರೀಯರಿಗೂ ಹುಟ್ಟಿದ ಸಂತತಿ ‘ಅರ್ಘೋನ್’ ಎಂಬ ಸಮುದಾಯವಾಯಿತು. ೧೯೪೯ರಲ್ಲಿ ಸಿಂಕಿಯಾಂಗ್ ಚೀನದ ಕಮ್ಯುನಿಸ್ಟ್ ಸರ್ಕಾರದ ವಶವಾದಾಗ ಆ ದಾರಿ ಮುಚ್ಚಿತು. ಮುಂದಿನ ದಶಕದಲ್ಲಿ ಲ್ಹಾಸಾದ ದಾರಿಯೂ ಮುಚ್ಚಿತು.

ಅದಕ್ಕೆ ಮುನ್ನವೇ ಪಶ್ಚಿಮದ ದಾರಿ ಕಡಿದಿತ್ತು. ೧೯೪೮ರ ಮೇ ತಿಂಗಳಲ್ಲಿ ದಾಳಿಕಾರರು ಕಾರ್ಗಿಲ್ ಹಿಡಿದು ಶ್ರೀನಗರ-ಲೇಹ್ ಸಂಪರ್ಕವನ್ನು ತುಂಡರಿಸಿದರು. ಲಡಾಖಿನ ಎಂಜಿನಿಯರ್ ಸೋನಂ ನೊರ್ಬು ಅವರ ನೇತೃತ್ವದಲ್ಲಿ ಲೇಹ್‌ನ ಜನರು ಸಿಂಧೂ ದಡದ ಮರಳಿನಲ್ಲಿ ವಿಮಾನ ಇಳಿಯುವ ಪಟ್ಟಿಯನ್ನು ಸಿದ್ಧಪಡಿಸಿದ್ದರು. ಮೇ ೨೪ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಅಲ್ಲಿ ಡಕೋಟಾ ವಿಮಾನವನ್ನು ಇಳಿಸಿದರು. ಅವರೊಡನೆ ಬಂದಿಳಿದವರು ಮಡಿಕೇರಿಯಲ್ಲಿ ಹುಟ್ಟಿದ ಕೊಡಗಿನ ದಂಡನಾಯಕ ಕೆ. ಎಸ್. ತಿಮ್ಮಯ್ಯ. ನವೆಂಬರ್ ೧ರಂದು ಅವರ ನೇತೃತ್ವದ ಸೇನೆ ಸುಮಾರು ೩೫೦೦ ಮೀಟರು ಎತ್ತರದ ಜೋಜಿ ಲಾ ಘಟ್ಟಕ್ಕೆ ಸ್ಟೂವರ್ಟ್ ಟ್ಯಾಂಕುಗಳನ್ನು ಹತ್ತಿಸಿ ಎದುರಾಳಿಯನ್ನು ತೆರವುಗೊಳಿಸಿತು. ಅದೇ ತಿಂಗಳಲ್ಲಿ ದ್ರಾಸ್ ಮತ್ತು ಕಾರ್ಗಿಲ್ ಮರಳಿ ದೊರೆತವು. ಸ್ಕರ್ದು ಮಾತ್ರ ದೊರೆಯಲಿಲ್ಲ. ಕಾರ್ಗಿಲ್ಲಿನ ಮತ್ತು ಬಾಲ್ಟಿಸ್ತಾನದ ಬಂಧುಗಳ ನಡುವೆ ಕದನವಿರಾಮ ರೇಖೆ ಬಿದ್ದಿತು.

ಪೂರ್ವದಲ್ಲಿ ಚೀನ ೧೯೫೭ರಲ್ಲಿ ಅಕ್ಸಾಯ್ ಚಿನ್ ಮೂಲಕ ಸಿಂಕಿಯಾಂಗ್-ಟಿಬೆಟ್ ರಸ್ತೆಯನ್ನು ಮುಗಿಸಿತು. ೧೯೬೨ರ ಯುದ್ಧ, ೧೯೭೧ರಲ್ಲಿ ತುರ್ತುಕ್ ಭಾರತದ ವಶಕ್ಕೆ ಬಂದದ್ದು, ೧೯೯೯ರ ಕಾರ್ಗಿಲ್ ಸಮರ, ೨೦೨೦ರ ಗಾಲ್ವಾನ್ ಸಂಘರ್ಷ ಎಲ್ಲವೂ ಸುಪರಿಚಿತ. ಅಷ್ಟಾಗಿ ಪರಿಚಿತವಲ್ಲದ್ದು ಗಾಲ್ವಾನ್ ಎಂಬ ಹೆಸರಿನ ಮೂಲ. ಆ ನದಿಗೆ ಹೆಸರು ಕೊಟ್ಟವನು ದಂಡನಾಯಕನಲ್ಲ. ಸಾರ್ಥಗಳಿಗೂ ಪರಿಶೋಧಕರಿಗೂ ದಾರಿ ತೋರಿಸುತ್ತಿದ್ದ ಲೇಹ್‌ನ ಗುಲಾಂ ರಸೂಲ್ ಗಾಲ್ವಾನ್. ಅವನ ಆತ್ಮಕಥೆ ಇಂಗ್ಲಿಷಿನಲ್ಲಿ ೧೯೨೩ರಲ್ಲಿ ಪ್ರಕಟವಾಯಿತು.

೨೦೧೯ರ ಅಕ್ಟೋಬರ್ ೩೧ರಂದು ಲಡಾಖ್ ಪ್ರತ್ಯೇಕ ಕೇಂದ್ರಾಡಳಿತ ಪ್ರದೇಶವಾಯಿತು. ೨೦೧೧ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ ೨,೭೪,೨೮೯. ನೆಲ ಮತ್ತು ಉದ್ಯೋಗದ ರಕ್ಷಣೆಗಾಗಿ ಸಂವಿಧಾನದ ಆರನೆಯ ಅನುಸೂಚಿಯ ಬೇಡಿಕೆಯನ್ನು ಲೇಹ್ ಮತ್ತು ಕಾರ್ಗಿಲ್ ಎರಡೂ ಒಟ್ಟಾಗಿ ಮುಂದಿಟ್ಟಿವೆ. ನೀರಿನ ಹಳೆಯ ಲೆಕ್ಕವೂ ಬದಲಾಗುತ್ತಿದೆ. ೨೦೧೦ರ ಆಗಸ್ಟ್ ೫-೬ರ ರಾತ್ರಿ ಲೇಹ್‌ನಲ್ಲಿ ಸುರಿದ ಮಳೆಗೆ, ಮಳೆಯನ್ನೇ ಎಣಿಸದೆ ಕಟ್ಟಿದ ಮಣ್ಣಿಟ್ಟಿಗೆಯ ಮನೆಗಳು ಕೊಚ್ಚಿಹೋಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಇತ್ತ ವಸಂತದ ಬಿತ್ತನೆಗೆ ನೀರು ಸಾಲದು. ಸ್ಥಳೀಯ ಎಂಜಿನಿಯರ್ ಚೆವಾಂಗ್ ನೊರ್ಫೆಲ್ ಅವರು ೧೯೮೦ರ ದಶಕದಿಂದ ಚಳಿಗಾಲದ ತೊರೆಯ ನೀರನ್ನು ನೆರಳಿನ ಕಣಿವೆಗಳಿಗೆ ತಿರುಗಿಸಿ, ಕಲ್ಲಿನ ಒಡ್ಡುಗಳ ಹಿಂದೆ ಹೆಪ್ಪುಗಟ್ಟಿಸುವ ವಿಧಾನವನ್ನು ರೂಢಿಗೆ ತಂದರು. ಈ ಹಿಮರಾಶಿ ಹಳ್ಳಿಗೆ ಸಮೀಪದಲ್ಲಿ, ನಿಜವಾದ ಹಿಮನದಿಗಿಂತ ಬಹು ಕೆಳಗೆ ಇರುವುದರಿಂದ ಏಪ್ರಿಲ್ ವೇಳೆಗೇ ಕರಗತೊಡಗುತ್ತದೆ. ಕಾಲುವೆಗೆ ಬಂದ ಆ ಮೊದಲ ನೀರನ್ನು ಗದ್ದೆಗಳಿಗೆ ಹಂಚುವವನು ಈಗಲೂ ಚುರ್ಪೊನ್.