ಹೆಸರು ಸಿಗದಿದ್ದರೆ ಫೈಲ್ ಹೋಗದು

ನವಲಗುಂದದ ಜಮಖಾನಗಳ ಫೋಟೊಗಳನ್ನು ಜಾಲತಾಣಕ್ಕೆ ಏರಿಸಬೇಕಿದೆ ಎನ್ನಿ. ಫೈಲ್‌ಝಿಲಾ ಎಂಬ ಫೈಲ್ ಕಳಿಸುವ ಪ್ರೋಗ್ರಾಂ ತೆರೆದು ಸರ್ವರ್ ಹೆಸರು, ಯೂಸರ್‌ನೇಮ್, ಪಾಸ್‌ವರ್ಡ್ ತುಂಬಿ ಒತ್ತಿದರೆ ಕೆಂಪಕ್ಷರದಲ್ಲಿ ‘ಇಎಐ_ನೋನೇಮ್’ ಎಂಬ ದೂರು. ಹಲವರು ಕೂಡಲೇ ಪಾಸ್‌ವರ್ಡ್ ಬದಲಿಸಲು ಹೊರಡುತ್ತಾರೆ. ಅದರಿಂದ ಉಪಯೋಗವಿಲ್ಲ. ಪಾಸ್‌ವರ್ಡ್ ಕೇಳುವ ಸರ್ವರ್ ಎಲ್ಲಿದೆ ಎಂಬುದೇ ಪ್ರೋಗ್ರಾಮಿಗೆ ಇನ್ನೂ ಗೊತ್ತಾಗಿಲ್ಲ.

ಕಂಪ್ಯೂಟರುಗಳು ಒಂದನ್ನೊಂದು ತಲುಪುವುದು ಐಪಿ ಸಂಖ್ಯೆಯಿಂದ. ಹೆಸರು ಕೊಟ್ಟರೆ ಸಂಖ್ಯೆ ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. ಫೈಲ್ ಕಳಿಸುವ ಎಫ್‌ಟಿಪಿ ಇದಕ್ಕಿಂತ ಹಳೆಯದು. ಕಾನ್ಪುರ ಐಐಟಿಯಲ್ಲಿ ಓದಿದ ಅಭಯ್ ಭೂಷಣ್ 1971ರಲ್ಲಿ ಅಮೆರಿಕದ ಎಂಐಟಿಯಲ್ಲಿದ್ದಾಗ ಅದರ ಮೊದಲ ನಿಯಮಾವಳಿ ಬರೆದರು. ಡಿಎನ್‌ಎಸ್ ಬರುವ ಮುಂಚೆ ಜಾಲದ ಹೆಸರುಗಳೆಲ್ಲ ಒಂದೇ ಪಟ್ಟಿಯಲ್ಲಿದ್ದವು. ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು, ಉಳಿದವರು ಎಫ್‌ಟಿಪಿಯಿಂದಲೇ ಇಳಿಸಿಕೊಳ್ಳುತ್ತಿದ್ದರು. ಜಾಲ ಬೆಳೆದಂತೆ ಪಟ್ಟಿ ಕೈಮೀರಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅದನ್ನು ಹಲವು ಸರ್ವರುಗಳಿಗೆ ಹಂಚಿ ಡಿಎನ್‌ಎಸ್ ರೂಪಿಸಿದರು. ಕೆಲಸ ಹಂಚಿಹೋದದ್ದರಿಂದ ಎಡವಟ್ಟಾಗುವ ಜಾಗಗಳೂ ಹೆಚ್ಚಾದವು.

ಹಾಗಾಗಿ ಹತ್ತಿರದಿಂದ ದೂರಕ್ಕೆ ಹುಡುಕುತ್ತ ಹೋಗಬೇಕು. ಮೊದಲು ಸರ್ವರ್ ಹೆಸರಿನ ಅಕ್ಷರಗಳನ್ನು ನೋಡಿ. ಕೊನೆಯಲ್ಲಿ ಓರೆಗೆರೆ, ಫೋಲ್ಡರಿನ ಹೆಸರು, ನಕಲು ಮಾಡುವಾಗ ಅಂಟಿಕೊಂಡ ಖಾಲಿ ಜಾಗ ಇವು ಇರಕೂಡದು. ಬೇರೆ ಜಾಲತಾಣಗಳೂ ತೆರೆಯದಿದ್ದರೆ ತೊಂದರೆ ನಿಮ್ಮ ಇಂಟರ್ನೆಟ್ಟಿನದ್ದು.

ಅವು ತೆರೆದರೆ ಕಮಾಂಡ್ ಪ್ರಾಂಪ್ಟಿನಲ್ಲಿ ‘ಎನ್‌ಎಸ್‌ಲುಕಪ್’ ಎಂದು ಟೈಪಿಸಿ, ಮುಂದೆ ಸರ್ವರ್ ಹೆಸರು ಕೊಡಿ. ಆಮೇಲೆ ಅದೇ ಸಾಲಿನ ಕೊನೆಗೆ 8.8.8.8 ಸೇರಿಸಿ ಮತ್ತೆ ಕೇಳಿ. ಇದು ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್. ಅಲ್ಲಿ ಮಾತ್ರ ಸಂಖ್ಯೆ ಸಿಕ್ಕರೆ ನಿಮ್ಮ ಇಂಟರ್ನೆಟ್ ಕಂಪನಿಯ ಡಿಎನ್‌ಎಸ್ ಎಡವಿದೆ. ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಿಸಿಯೂ ಇದನ್ನು ಖಚಿತಪಡಿಸಿಕೊಳ್ಳಬಹುದು. ಎರಡು ಕಡೆಯೂ ಸಿಗದಿದ್ದರೆ ಹೆಸರು ತಪ್ಪಿರಬೇಕು, ಡೊಮೇನ್ ನವೀಕರಣದ ಅವಧಿ ಮುಗಿದಿರಬೇಕು, ಇಲ್ಲವೇ ಹೋಸ್ಟಿಂಗ್ ಬದಲಿಸುವಾಗ ಡಿಎನ್‌ಎಸ್ ದಾಖಲೆ ಬಿಟ್ಟುಹೋಗಿರಬೇಕು.

ಎರಡು ಕಡೆಯೂ ಸರಿಯಾದ ಸಂಖ್ಯೆ ಬಂದು ಪ್ರೋಗ್ರಾಂ ಮಾತ್ರ ಹಳೆಯ ಸರ್ವರಿಗೇ ಹೋಗುತ್ತಿದ್ದರೆ ನಿಮ್ಮ ಕಂಪ್ಯೂಟರಿನ ‘ಹೋಸ್ಟ್ಸ್’ ಫೈಲ್ ತೆರೆದು ನೋಡಿ. 1983ಕ್ಕೆ ಮುಂಚಿನ ಪಟ್ಟಿಯ ಕುಡಿ ಅದು, ಇಂದಿಗೂ ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಇದೆ. ಎಂದೋ ಬರೆದಿಟ್ಟ ಹಳೆಯ ಸಂಖ್ಯೆ ಅಲ್ಲಿದ್ದರೆ ಸಾಮಾನ್ಯವಾಗಿ ಅದರ ಮಾತೇ ನಡೆಯುತ್ತದೆ. ಎನ್‌ಎಸ್‌ಲುಕಪ್ ಈ ಫೈಲನ್ನು ನೋಡುವುದಿಲ್ಲವಾದ್ದರಿಂದ ತಪ್ಪು ಅಡಗಿಯೇ ಇರುತ್ತದೆ.

ತುರ್ತಿದ್ದರೆ ಹೆಸರಿನ ಬದಲು ಐಪಿ ಸಂಖ್ಯೆಯನ್ನೇ ಹಾಕಿ ಕಳಿಸಬಹುದು. ಸುರಕ್ಷಿತ ಸಂಪರ್ಕವಿದ್ದಲ್ಲಿ ಪ್ರಮಾಣಪತ್ರದ ಹೆಸರು ಹೊಂದುತ್ತಿಲ್ಲ ಎಂಬ ಎಚ್ಚರಿಕೆ ಬರಬಹುದು, ಹೋಸ್ಟಿಂಗ್‌ನವರು ಸಂಖ್ಯೆ ಬದಲಿಸಿದ ದಿನ ಈ ದಾರಿಯೂ ಮುಚ್ಚುತ್ತದೆ. ಹೋಸ್ಟಿಂಗ್‌ನವರಿಗೆ ಫೋನ್ ಮಾಡುವ ಮುಂಚೆ ಎನ್‌ಎಸ್‌ಲುಕಪ್‌ನ ಎರಡೂ ಉತ್ತರಗಳನ್ನು ಬರೆದಿಟ್ಟುಕೊಳ್ಳಿ. ತಪ್ಪು ಯಾರ ಕಡೆಯದೆಂಬ ವಾದ ಅಲ್ಲಿಗೇ ಮುಗಿಯುತ್ತದೆ.