ಹತ್ಯಾರಗಳ ಹಾಸಿಗೆ: ಟೂಲ್‌ಬಾಕ್ಸಿನ ಡ್ರಾಯರಿಗೆ ಬಾಳಿಕೆಯ ಹಾಸು ಯಾವುದು?

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಕನ್ನಡಿಗರೆಲ್ಲರೂ ಬಲ್ಲರು. ತನ್ನ ಹಾಸಿಗೆಯ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ಕುಶಲಕರ್ಮಿಯು, ತನ್ನ ಅನ್ನಕ್ಕೆ ಆಧಾರವಾದ ಹತ್ಯಾರಗಳು ರಾತ್ರಿಯೆಲ್ಲ ಯಾವ ಹಾಸಿನ ಮೇಲೆ ಮಲಗಿರುತ್ತವೆ ಎಂಬುದನ್ನು ಯೋಚಿಸುವುದು ವಿರಳ. ಟೂಲ್‌ಬಾಕ್ಸಿನ ಡ್ರಾಯರನ್ನು ಎಳೆದು ನೋಡಿದರೆ ಹಳೆಯ ಪತ್ರಿಕೆಯ ಹಾಳೆಯೋ, ಸೋಫಾ ಹೊಲಿಯುವಾಗ ಉಳಿದ ಸ್ಪಂಜಿನ ತುಂಡೋ, ಕತ್ತರಿಸಿದ ಟಯರ್ ಟ್ಯೂಬೋ ಕಾಣುತ್ತದೆ. ಮೇಲ್ನೋಟಕ್ಕೆ ಕ್ಷುಲ್ಲಕವೆನಿಸುವ ಈ ಹಾಸು ಹತ್ಯಾರದ ಆಯುಷ್ಯವನ್ನೂ, ಮಾಡಿದ ಕೆಲಸದ ನಿಖರತೆಯನ್ನೂ, ಕೆಲವೊಮ್ಮೆ ಕೆಲಸಗಾರನ ಆರೋಗ್ಯವನ್ನೂ ನಿರ್ಧರಿಸುತ್ತದೆ. ಹಾಸನ್ನು ಅದರ ದಪ್ಪ, ಮೆದುತನ, ಬೆಲೆಗಳಿಂದ ಅಳೆಯದೆ, ಅದು ಏನನ್ನು ಹೀರಿಕೊಳ್ಳುತ್ತದೆ, ಏನನ್ನು ಹೊರಬಿಡುತ್ತದೆ ಎಂಬುದರಿಂದ ಅಳೆಯಬೇಕು ಎಂಬುದೇ ಇಲ್ಲಿ ಹೇಳಬೇಕಾದ ಮುಖ್ಯ ಸಂಗತಿ.

ಎರಡು ನಗರಗಳು, ಒಂದೇ ಸಮಸ್ಯೆ

ಹತ್ಯಾರಗಳ ಮಾತು ಬಂದಾಗ ಮಹಾರಾಷ್ಟ್ರದ ಎರಡು ನಗರಗಳು ಕನ್ನಡಿಗರಿಗೆ ಪರಕೀಯವೆನಿಸುವುದಿಲ್ಲ. ಮೊದಲನೆಯದು ನಾಸಿಕ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಯೋಗದಿಂದ ಬೆಂಗಳೂರಿನಲ್ಲಿ ಆರಂಭಿಸಿದ ವಿಮಾನ ಕಾರ್ಖಾನೆಯೇ ಮುಂದೆ ಎಚ್.ಎ.ಎಲ್. ಆಗಿ ಬೆಳೆಯಿತು, ಅದರ ಶಾಖೆಯೊಂದು ನಾಸಿಕದ ಬಳಿಯ ಓಝರಿನಲ್ಲಿ ಮೊದಲು ಮಿಗ್, ಅನಂತರ ಸುಖೋಯ್ ವಿಮಾನಗಳನ್ನು ನಿರ್ಮಿಸಿತು. 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈಕೋ ಸಂಸ್ಥೆಯೂ ನಾಸಿಕದ ಸಾತಪುರದಲ್ಲಿ ಕಾರ್ಖಾನೆ ತೆರೆದು ಡೀಸೆಲ್ ಎಂಜಿನ್ನುಗಳ ನಾಝಲ್ ಮತ್ತು ಇಂಜೆಕ್ಟರುಗಳನ್ನು ತಯಾರಿಸಿತು. 2008ರಿಂದ ಅದರ ಹೆಸರು ಬಾಷ್ ಲಿಮಿಟೆಡ್.

ಎರಡನೆಯದು 2023ರವರೆಗೆ ಔರಂಗಾಬಾದ್ ಎಂಬ ಹೆಸರಿದ್ದ ಛತ್ರಪತಿ ಸಂಭಾಜಿನಗರ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಇದು ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳೊಂದಿಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದಿತು. 1985ರಲ್ಲಿ ವಾಳುಜಿನಲ್ಲಿ ಬಜಾಜ್ ಆಟೊ ಕಾರ್ಖಾನೆ ಆರಂಭವಾದ ಮೇಲೆ ಈ ಊರು ಯಂತ್ರೋದ್ಯಮದ ದೊಡ್ಡ ಕೇಂದ್ರವಾಯಿತು.

ಇಂತಹ ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ ಸಾತಪುರ, ಅಂಬಡ, ಚಿಕಲಠಾಣೆ, ವಾಳುಜಿನ ಓಣಿಗಳಲ್ಲಿ ಒಂದೆರಡು ಲೇತು, ಒಂದು ಮಿಲ್ಲಿಂಗ್ ಯಂತ್ರ ಇಟ್ಟುಕೊಂಡು ಬಿಡಿಭಾಗಗಳನ್ನು ಮಾಡಿಕೊಡುವ ಸಣ್ಣ ವರ್ಕ್‌ಶಾಪುಗಳಿವೆ. ದೊಡ್ಡ ಕಾರ್ಖಾನೆಗೆ ಹವಾನಿಯಂತ್ರಿತ ಮಾಪನಕೋಣೆಯುಂಟು. ಸಣ್ಣ ವರ್ಕ್‌ಶಾಪಿಗೆ ತಗಡಿನ ಮಾಡು, ಉಕ್ಕಿನ ಟೂಲ್‌ಬಾಕ್ಸು. ಆದರೆ ಇಬ್ಬರೂ ತಲುಪಬೇಕಾದ ಅಳತೆ ಒಂದೇ. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್. ಮೈಕ್ರೊಮೀಟರಿನ ಮುಖದ ಮೇಲೆ ಎದ್ದ ತುಕ್ಕಿನ ಸಣ್ಣ ಚುಕ್ಕೆ ಹಲವು ಮೈಕ್ರಾನುಗಳಷ್ಟು ಸುಳ್ಳು ಹೇಳಬಲ್ಲದು. ಆ ಸುಳ್ಳನ್ನು ನಂಬಿ ಮಾಡಿದ ಮಾಲು ತಿರಸ್ಕೃತವಾಗಿ ಮರಳಿದರೆ ಸಣ್ಣ ಉದ್ಯಮಿಯ ತಿಂಗಳ ಲಾಭ ಅಲ್ಲಿಗೇ ಮುಗಿಯುತ್ತದೆ.

ತುಕ್ಕು ಹಿಡಿಯುವ ಬಗೆ

ಉಕ್ಕಿಗೆ ತುಕ್ಕು ಹಿಡಿಯಲು ಮಳೆಯಲ್ಲಿ ನೆನೆಯಬೇಕೆಂದೇನೂ ಇಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 60ನ್ನು ದಾಟಿದರೆ ಉಕ್ಕಿನ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ನೀರಿನ ಪೊರೆ ಕೂರುತ್ತದೆ. ಅದಕ್ಕೆ ಬೆರಳಿನ ಬೆವರಿನ ಉಪ್ಪು ಸೇರಿದರೆ ತುಕ್ಕಿನ ಕೆಲಸ ಚುರುಕಾಗುತ್ತದೆ. ಎರಡೂ ನಗರಗಳಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆಗಾಲದ ಗಾಳಿ ಈ ಮಿತಿಯನ್ನು ಮೀರಿಯೇ ಇರುತ್ತದೆ. ಓಝರ್ ಇರುವ ನಿಫಾಡ ತಾಲ್ಲೂಕಿನಲ್ಲಿ ಚಳಿಗಾಲ ತೀಕ್ಷ್ಣವಾದುದು. ರಾತ್ರಿ ತಣ್ಣಗಾದ ಉಕ್ಕಿನ ಮೇಲೆ ಬೆಳಗಿನ ಬೆಚ್ಚನೆಯ ಗಾಳಿ ತಾಗಿದೊಡನೆ ಇಬ್ಬನಿ ಕಟ್ಟುತ್ತದೆ. ಸಂಭಾಜಿನಗರದ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿಯನ್ನು ದಾಟುವುದರಿಂದ ತಗಡಿನ ಮಾಡಿನ ಕೆಳಗಿನ ಡ್ರಾಯರು ಒಲೆಯಂತಾಗಿ, ರಬ್ಬರು ಪ್ಲಾಸ್ಟಿಕ್ಕುಗಳು ಬೇಗ ಮುಪ್ಪಾಗುತ್ತವೆ.

ಆದುದರಿಂದ ಒಳ್ಳೆಯ ಹಾಸಿಗೆ ನಾಲ್ಕು ಗುಣಗಳಿರಬೇಕು. ಅದು ನೀರನ್ನು ಹೀರಬಾರದು, ಎಣ್ಣೆಗೆ ಉಬ್ಬಬಾರದು, ಆಮ್ಲವನ್ನಾಗಲಿ ಗಂಧಕವನ್ನಾಗಲಿ ಹೊರಬಿಡಬಾರದು, ಡ್ರಾಯರನ್ನು ಎಳೆದಾಗ ಹತ್ಯಾರಗಳು ಜಾರದಂತೆ ಹಿಡಿದುಕೊಳ್ಳಬೇಕು. ಮೆತ್ತಗಿರುವುದು ಐದನೆಯ ಗುಣ. ಬಹುಪಾಲು ಜನ ಈ ಐದನೆಯದನ್ನು ಮಾತ್ರ ನೋಡಿ ಕೊಳ್ಳುತ್ತಾರೆ.

ಬಳಕೆಯಲ್ಲಿರುವ ಹಾಸುಗಳ ಗುಣದೋಷಗಳು

ಪತ್ರಿಕೆಯ ಕಾಗದ, ರಟ್ಟು: ಖರ್ಚಿಲ್ಲದವು ನಿಜ. ಆದರೆ ಎರಡೂ ಗಾಳಿಯ ತೇವವನ್ನು ಹೀರಿ ಉಕ್ಕಿನ ಮೈಗೆ ಒತ್ತಿ ಹಿಡಿಯುತ್ತವೆ. ಅಗ್ಗದ ಕಾಗದದಲ್ಲಿ ಆಮ್ಲದ ಅಂಶವೂ ಉಂಟು.

ಉಣ್ಣೆಯ ಫೆಲ್ಟ್: ಅಳತೆಯ ಉಪಕರಣಗಳ ಪೆಟ್ಟಿಗೆಗಳಲ್ಲಿ ಹಿಂದಿನಿಂದ ಬಂದ ಹಾಸು. ಒಣಹವೆಯಲ್ಲಿ ಉತ್ತಮ, ಮಳೆಗಾಲದಲ್ಲಿ ತೇವದ ಗೂಡು. ಎಣ್ಣೆ, ಲೋಹದ ಪುಡಿ ಒಮ್ಮೆ ಒಳಸೇರಿದರೆ ತೆಗೆಯುವುದು ಕಷ್ಟ. ನುಸಿಯ ಕಾಟ ಬೇರೆ.

ಚರ್ಮ: ನೋಡಲು ಗಂಭೀರ. ಆದರೆ ಹದಮಾಡುವಾಗ ಉಳಿದ ಆಮ್ಲ ಮತ್ತು ಲವಣಗಳು ಉಕ್ಕಿಗೆ ತುಕ್ಕನ್ನೂ ಹಿತ್ತಾಳೆಗೆ ಹಸಿರು ಕಿಲುಬನ್ನೂ ತರುತ್ತವೆ.

ಸೋಫಾದ ಸ್ಪಂಜು: ಇದು ಪಾಲಿಯುರಿಥೇನ್ ಫೋಮ್. ಇದರ ರಂಧ್ರಗಳು ತೆರೆದಿರುವುದರಿಂದ ನೀರು, ಎಣ್ಣೆ ಎರಡನ್ನೂ ಕುಡಿಯುತ್ತದೆ. ಅದರ ರಾಸಾಯನಿಕ ಬಂಧಗಳನ್ನು ಗಾಳಿಯ ತೇವವೇ ಕಡಿಯುವುದರಿಂದ ಕೆಲವು ವರ್ಷಗಳಲ್ಲಿ ಅಂಟಾಗಿ, ಪುಡಿಯಾಗಿ ಉದುರುತ್ತದೆ. ಆ ಪುಡಿ ವರ್ನಿಯರಿನ ಜಾರುಪಟ್ಟಿಗೆ ಹೊಕ್ಕರೆ ಉಪಕರಣ ಕೆಟ್ಟಂತೆಯೇ.

ಟ್ಯೂಬಿನ ರಬ್ಬರು: ನೈಸರ್ಗಿಕ ರಬ್ಬರು ಯಂತ್ರದ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಅದನ್ನು ಹದಗೊಳಿಸಲು ಬೆರೆಸಿದ ಗಂಧಕವು ತಾಮ್ರವನ್ನೂ ಬೆಳ್ಳಿಯನ್ನೂ ಕಪ್ಪಾಗಿಸುತ್ತದೆ. ಗೃಹಿಣಿಯರಿಗೂ ಈ ಮಾತು ಅನ್ವಯಿಸುತ್ತದೆ: ಬೆಳ್ಳಿಯ ಪೂಜಾಸಾಮಾನನ್ನಾಗಲಿ, ಬೀದರಿನ ಬಿದ್ರಿ ಕುಸುರಿಯ ವಸ್ತುವನ್ನಾಗಲಿ ರಬ್ಬರಿನ ಅಥವಾ ಉಣ್ಣೆಯ ಹಾಸಿನ ಮೇಲೆ ಮುಚ್ಚಿಡಬಾರದು.

ಪಿ.ವಿ.ಸಿ. ಹಾಸು: ಅಡುಗೆಮನೆಯ ಕಪಾಟಿಗೆ ಮಾರುವ ಜಾಲರಿಯ ಹಾಸು ಸಾಮಾನ್ಯವಾಗಿ ಇದೇ. ಅಗ್ಗ, ಜಾರುವುದಿಲ್ಲ, ತೊಳೆಯಬಹುದು. ಇದನ್ನು ಮೃದುವಾಗಿಸಲು ಸೇರಿಸಿದ ಎಣ್ಣೆಯಂತಹ ದ್ರವ್ಯವು ಕಾಲಕ್ರಮದಲ್ಲಿ ಹೊರಬರುತ್ತದೆ. ಆಗ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಗೂ ಡ್ರಾಯರಿನ ಬಣ್ಣಕ್ಕೂ ಹಾಸು ಅಂಟಿಕೊಳ್ಳುತ್ತದೆ. ಪೆಟ್ರೋಲು, ಥಿನ್ನರುಗಳು ತಾಗಿದರೆ ಅದೇ ದ್ರವ್ಯ ತೊಳೆದುಹೋಗಿ ಹಾಸು ಗಟ್ಟಿಯಾಗುತ್ತದೆ. ಸ್ಪಾನರುಗಳ ಡ್ರಾಯರಿಗೆ ಸಾಕು. ಅಳತೆಯ ಉಪಕರಣಗಳಿಗೆ ಸಲ್ಲದು.

ನೈಟ್ರೈಲ್ ರಬ್ಬರು: ಎಣ್ಣೆ, ಗ್ರೀಸು, ಡೀಸೆಲ್ಲುಗಳನ್ನು ತಡೆಯಲೆಂದೇ ಮಾಡಿದ ಕೃತಕ ರಬ್ಬರು, ಎಂಜಿನ್ನುಗಳ ಆಯಿಲ್ ಸೀಲುಗಳು ಬಹುಮಟ್ಟಿಗೆ ಇದರವೇ. ದಿನಬಳಕೆಯ ಹತ್ಯಾರಗಳಿಗೆ 2 ಅಥವಾ 3 ಮಿಲಿಮೀಟರ್ ದಪ್ಪದ ನೈಟ್ರೈಲ್ ಹಾಳೆ ಅತ್ಯುತ್ತಮ. ಅಸಿಟೋನ್, ಬ್ರೇಕ್ ಆಯಿಲ್, ನೇರ ಬಿಸಿಲು ಇವು ಇದರ ಶತ್ರುಗಳು. ಇದರಲ್ಲಿಯೂ ಗಂಧಕವಿರಬಹುದಾದ್ದರಿಂದ ತಾಮ್ರ, ಬೆಳ್ಳಿಗಳನ್ನು ದೂರವಿಡುವುದು ಲೇಸು.

ಪಾಲಿಎಥಿಲೀನ್ ಫೋಮ್: ಇದರ ರಂಧ್ರಗಳು ಮುಚ್ಚಿರುವುದರಿಂದ ನೀರು ಒಳಹೋಗದು, ಆಮ್ಲವನ್ನು ಬಿಡದು, ಬಹುಕಾಲ ಸ್ಥಿರವಾಗಿರುತ್ತದೆ. ವಸ್ತುಸಂಗ್ರಹಾಲಯಗಳು ಬೆಲೆಬಾಳುವ ವಸ್ತುಗಳನ್ನು ಇಡಲು ಇದನ್ನೇ ಆರಿಸುತ್ತವೆ. ಮೈಕ್ರೊಮೀಟರ್, ಡಯಲ್ ಗೇಜುಗಳ ಆಕಾರಕ್ಕೆ ತಕ್ಕಂತೆ ಗುಳಿ ಕತ್ತರಿಸಿ ಮಲಗಿಸಲು ಇದೇ ಶ್ರೇಷ್ಠ. ಚೂಪಾದ ಅಂಚುಗಳಿಗೆ ಬೇಗ ಹರಿಯುವುದೊಂದೇ ಇದರ ಕೊರತೆ.

ಖಾಲಿ ಗುಳಿಯ ಎಚ್ಚರಿಕೆ

ಗುಳಿ ಕತ್ತರಿಸಿದ ಫೋಮಿಗೆ ಮತ್ತೊಂದು ಉಪಯೋಗವಿದೆ. ಮೇಲೆ ಕಪ್ಪು, ಕೆಳಗೆ ಹಳದಿ ಅಥವಾ ಕೆಂಪು ಬಣ್ಣದ ಎರಡು ಪದರಗಳಿದ್ದರೆ, ಹತ್ಯಾರ ಇಲ್ಲದ ಜಾಗ ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ. ವಿಮಾನಗಳ ದುರಸ್ತಿಯಲ್ಲಿ ಈ ಪದ್ಧತಿ ರೂಢಿಯಲ್ಲಿರುವುದಕ್ಕೆ ಬಲವಾದ ಕಾರಣವಿದೆ. 2023ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ಎ-380 ವಿಮಾನವೊಂದರ ಎಂಜಿನ್ನನ್ನು ಲಾಸ್ ಏಂಜಲೀಸಿನಲ್ಲಿ ಪರೀಕ್ಷಿಸಿದವರು ಒಂದೂಕಾಲು ಮೀಟರ್ ಉದ್ದದ ನೈಲಾನ್ ಹತ್ಯಾರವನ್ನು ಒಳಗೇ ಮರೆತರು. ವಿಮಾನ ಅದನ್ನು ಹೊತ್ತುಕೊಂಡೇ 34 ಬಾರಿ ಹಾರಿತು. ಹೆಚ್ಚುಕಡಿಮೆ 294 ಗಂಟೆಗಳ ಹಾರಾಟದ ನಂತರವೇ ಅದು ಪತ್ತೆಯಾಯಿತು. ಹತ್ಯಾರ ಕಾಣೆಯಾಗಿದೆ ಎಂಬುದು ಗೊತ್ತಿದ್ದರೂ ಅದನ್ನು ಹುಡುಕುವ ಕ್ರಮವನ್ನು ವಿಮಾನ ಹೊರಡುವ ಮೊದಲು ಆರಂಭಿಸಿರಲಿಲ್ಲವೆಂದು ತನಿಖೆಯಿಂದ ತಿಳಿದುಬಂತು. ಹಾಸು ಎಚ್ಚರಿಸಬಲ್ಲುದು, ಎಚ್ಚರಗೊಳ್ಳುವುದು ಮನುಷ್ಯನ ಕೆಲಸ.

ಆರೋಗ್ಯದ ದೃಷ್ಟಿಯಿಂದ

ಎಣ್ಣೆ ಕುಡಿದ ಫೆಲ್ಟನ್ನೋ ಸ್ಪಂಜನ್ನೋ ದಿನವೂ ಮುಟ್ಟುವವರ ಕೈ ಮತ್ತು ಮುಂಗೈಗಳಲ್ಲಿ ಕಜ್ಜಿ, ಎಣ್ಣೆಯ ಮೊಡವೆಗಳು ಏಳುವುದುಂಟು. ಅಂತಹ ಹಾಸು ಬೆಂಕಿಗೂ ಒಳ್ಳೆಯ ಉರುವಲು. ಹಳೆಯ ಆಸ್ಬೆಸ್ಟಾಸ್ ಹಾಳೆಯ ತುಂಡನ್ನು ಎಂದಿಗೂ ಹಾಸಬಾರದು; ಅದರ ಸೂಕ್ಷ್ಮ ಎಳೆಗಳು ಉಸಿರಿನೊಡನೆ ಒಳಸೇರಿ ದಶಕಗಳ ಬಳಿಕ ಶ್ವಾಸಕೋಶದ ಕ್ಯಾನ್ಸರನ್ನು ತರಬಲ್ಲವು.

ತುಕ್ಕು ಹಿಡಿದ ಕಬ್ಬಿಣ ತಾಗಿದರೆ ಧನುರ್ವಾಯು ಬರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ನಿಜವಾಗಿ ಆ ರೋಗದ ಕಾರಣ ತುಕ್ಕಲ್ಲ. ಮಣ್ಣು, ಧೂಳು, ಸಗಣಿಗಳಲ್ಲಿರುವ ರೋಗಾಣುವಿನ ಬೀಜಕಗಳು. ಹೊಳೆಯುವ ಉಳಿಯ ಮೇಲೆ ಧೂಳಿದ್ದರೂ ಅಪಾಯ ಅಷ್ಟೇ. ಆದ್ದರಿಂದ ಗಾಯವಾದೊಡನೆ ಸಾಬೂನು, ನೀರಿನಿಂದ ಚೆನ್ನಾಗಿ ತೊಳೆದು, ಹಿಂದಿನ ಧನುರ್ವಾಯು ಚುಚ್ಚುಮದ್ದು ಯಾವಾಗ ಆಯಿತೆಂದು ವೈದ್ಯರಿಗೆ ತಿಳಿಸಬೇಕು. ಕೊಳಕು ಗಾಯವಾಗಿದ್ದು ಹಿಂದಿನ ಚುಚ್ಚುಮದ್ದಿಗೆ 5 ವರ್ಷ ದಾಟಿದ್ದರೆ ಸಾಮಾನ್ಯವಾಗಿ ಮತ್ತೊಂದನ್ನು ಕೊಡುತ್ತಾರೆ.

ಮನೆಯಲ್ಲಿಯೇ ಪರೀಕ್ಷೆ

ಅಂಗಡಿಯವನ ಮಾತನ್ನೇ ನೆಚ್ಚಬೇಕಾಗಿಲ್ಲ. ಹಾಸಿನ ಸಣ್ಣ ತುಂಡಿನ ಮೇಲೆ ಯಂತ್ರದ ಎಣ್ಣೆಯ ಕೆಲವು ಹನಿ ಬಿಟ್ಟು ಒಂದು ವಾರ ಇಟ್ಟರೆ, ಉಬ್ಬುವ ಅಥವಾ ಅಂಟಾಗುವ ಹಾಸು ತಾನಾಗಿಯೇ ಸಿಕ್ಕಿಬೀಳುತ್ತದೆ. ಇನ್ನೊಂದು ಪರೀಕ್ಷೆಯು ಬ್ರಿಟಿಷ್ ಮ್ಯೂಸಿಯಂನ ಆ್ಯಂಡ್ರೂ ಆಡಿ ಅವರು 1973ರಲ್ಲಿ ಪ್ರಕಟಿಸಿದ ವಿಧಾನದ ಸರಳ ರೂಪ. ಎರಡು ಗಾಜಿನ ಭರಣಿಗಳಲ್ಲಿ ಒಂದೊಂದು ಹೊಳೆಯುವ ಹೊಸ ಮೊಳೆಯನ್ನೂ, ಅದಕ್ಕೆ ತಾಗದಂತೆ ಒದ್ದೆ ಹತ್ತಿಯ ಚೂರನ್ನೂ ಇಡಬೇಕು. ಒಂದರಲ್ಲಿ ಮಾತ್ರ ಹಾಸಿನ ತುಂಡು ಹಾಕಿ, ಎರಡನ್ನೂ ಬಿಗಿಯಾಗಿ ಮುಚ್ಚಿ ಬೆಚ್ಚನೆಯ ಜಾಗದಲ್ಲಿ ಒಂದು ತಿಂಗಳು ಬಿಡಬೇಕು. ಹಾಸಿರುವ ಭರಣಿಯ ಮೊಳೆ ಮತ್ತೊಂದಕ್ಕಿಂತ ಹೆಚ್ಚು ತುಕ್ಕು ಹಿಡಿದರೆ, ಆ ಹಾಸು ಡ್ರಾಯರಿಗೆ ಅಯೋಗ್ಯ.

ಖರ್ಚಿನ ಲೆಕ್ಕ

ಉದಾಹರಣೆಗೆ, ಅಗ್ಗದ ಹಾಸಿಗೆ 150 ರೂಪಾಯಿ, ಬಾಳಿಕೆ ಒಂದು ಮಳೆಗಾಲ ಎಂದಿಟ್ಟುಕೊಂಡರೆ 5 ವರ್ಷಕ್ಕೆ ತಗಲುವುದು 750 ರೂಪಾಯಿ. ಒಳ್ಳೆಯ ಹಾಸಿಗೆ 600 ರೂಪಾಯಿ, ಬಾಳಿಕೆ 5 ವರ್ಷ ಎಂದಾದರೆ ಉಳಿತಾಯ 150 ರೂಪಾಯಿ ಮಾತ್ರ. ಆದರೆ ಹಾಸಿನ ಮೇಲೆ ಮಲಗಿರುವ ಉಪಕರಣದ ಬೆಲೆ ಸಾವಿರಗಳಲ್ಲಿದೆ. ಲೆಕ್ಕಪುಸ್ತಕದ ಸವಕಳಿ ವರ್ಷಾಂತ್ಯಕ್ಕೊಮ್ಮೆ ಬರೆಯುವಂಥದು. ತುಕ್ಕಿನ ಸವಕಳಿ ಪ್ರತಿರಾತ್ರಿ ನಡೆಯುವಂಥದು. ಸಾಲ ಮಾಡಿ ಕೊಂಡ ಹತ್ಯಾರವಾದರೆ, ಅದು ತುಕ್ಕು ಹಿಡಿದ ಮೇಲೂ ಕಂತು ಮಾತ್ರ ನಿಲ್ಲುವುದಿಲ್ಲ.

ಹಾಸನ್ನು ನೋಡಿಕೊಳ್ಳುವ ಕ್ರಮ

ಅತ್ಯುತ್ತಮ ಹಾಸೂ ಆರೈಕೆಯಿಲ್ಲದೆ ಬಾಳದು. ವಾರಕ್ಕೊಮ್ಮೆ ಒಣಬಟ್ಟೆಯಿಂದ ಲೋಹದ ಪುಡಿಯನ್ನು ಒರೆಸಬೇಕು. ಹತ್ಯಾರವನ್ನು ಬೆವರೊರೆಸಿ, ತೆಳುವಾಗಿ ಎಣ್ಣೆ ಸವರಿ ಇಡಬೇಕು. ಮೈಕ್ರೊಮೀಟರಿನ ಎರಡು ಮುಖಗಳು ಒಂದನ್ನೊಂದು ತಾಗದಂತೆ ತುಸು ಅಂತರ ಬಿಡಬೇಕು. ಮಳೆಗಾಲದಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣವನ್ನಾಗಲಿ, ತುಕ್ಕುನಿರೋಧಕ ವಿ.ಸಿ.ಐ. ಕಾಗದವನ್ನಾಗಲಿ ಡ್ರಾಯರಿನಲ್ಲಿ ಇಡಬಹುದು. ಆ ಕಾಗದ ಮುಟ್ಟಿದ ಕೈ ತೊಳೆದೇ ಊಟಕ್ಕೆ ಕೂರಬೇಕು.

ಹಾಸನ್ನು ಪೂರ್ತಿಯಾಗಿ ಹೊರತೆಗೆದು ಪರೀಕ್ಷಿಸಲು ವರ್ಷದಲ್ಲಿ ಎರಡು ಸಮಯ ಪ್ರಶಸ್ತ. ಮಳೆಗೆ ಮೊದಲು ಮೇ ಕೊನೆಯಲ್ಲೊಮ್ಮೆ. ಮಳೆ ಮುಗಿದ ಮೇಲೆ ಮಹಾನವಮಿಯಂದು ಮತ್ತೊಮ್ಮೆ. ಕನ್ನಡಿಗರ ಆಯುಧಪೂಜೆಯೂ ಮರಾಠಿಗರ ಖಂಡೇನವಮಿಯೂ ಒಂದೇ ದಿನ. ಅಂದು ಹತ್ಯಾರಗಳಿಗೆ ಅರಿಶಿನ, ಕುಂಕುಮ, ನೀರು ಸೋಕುವುದು ಸಹಜ. ಪೂಜೆ ಮುಗಿದ ಮೇಲೆ ಒದ್ದೆಯಾಗಿಯೇ ಡ್ರಾಯರಿಗೆ ಸೇರಿಸದೆ, ಒರೆಸಿ, ಎಣ್ಣೆ ಸವರಿ, ಶುಚಿಯಾದ ಹಾಸಿನ ಮೇಲೆ ಮಲಗಿಸಿದರೆ ಪೂಜೆಯೂ ಸಾರ್ಥಕ, ದುಡಿಮೆಯೂ ಸುರಕ್ಷಿತ.